ಬಂಗಾರದ ಗಣಿಯ ಪಾಲನ್ನು ತೂಗುವ ಬಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ನೆಲದಲ್ಲಿ ಬಂಗಾರದ ಗಣಿಯೆಂಬುದು ಇಲ್ಲ. ನಮ್ಮ ಪಾಲಿಗೆ ಬಂದದ್ದು ಬಹುಮಟ್ಟಿಗೆ ಎರೆಯ ಮಣ್ಣು. ಅನಾದಿಯಲ್ಲಿ ಭೂಮಿಯ ಒಡಲಿನಿಂದ ಉಕ್ಕಿ ಹರಿದು ಹೆಪ್ಪುಗಟ್ಟಿದ ಕರಿಗಲ್ಲು ಸವೆದು ಸವೆದು ಆದ ಮಣ್ಣು ಇದು ಎಂದು ಭೂಗರ್ಭಶಾಸ್ತ್ರವನ್ನು ಬಲ್ಲವರು ಹೇಳುತ್ತಾರೆ. ಬಂಗಾರ ಅಡಗಿರುವುದು ಇದಕ್ಕಿಂತ ಎಷ್ಟೋ ಹಳೆಯದಾದ ಬೇರೊಂದು ಶಿಲೆಯಲ್ಲಿ. ಆ ಶಿಲಾಸಮೂಹಕ್ಕೆ 'ಧಾರವಾಡ ಶಿಲೆಗಳು' ಎಂದೇ ಜಗತ್ತಿನಲ್ಲೆಲ್ಲ ಹೆಸರು. ಡೋಣಿ ಹೊಳೆ ತುಂಬಿ ಹರಿದ ವರ್ಷ ಓಣಿ ಓಣಿಗೆ ಜೋಳ ಬಂದು ಬೀಳುವುದೇ ನಮ್ಮವರ ಬಂಗಾರ. ಆದರೂ ಬಂಗಾರ ನಮಗೆ ದೂರದ ವಸ್ತುವೇನೂ ಅಲ್ಲ. ಮುದ್ದೇಬಿಹಾಳದಿಂದ ನಾಲತವಾಡದ ಮೇಲೆ ಹಾಯ್ದು, ನಾರಾಯಣಪುರದ ಬಳಿ ಕೃಷ್ಣೆಯನ್ನು ದಾಟಿ, ಲಿಂಗಸೂಗೂರಿನ ದಾರಿ ಹಿಡಿದರೆ ಮುಂದೆ ಹಟ್ಟಿ ಸಿಗುತ್ತದೆ. ಕೋಲಾರದ ಗಣಿಗಳು ೨೦೦೧ರಲ್ಲಿ ಬಾಗಿಲು ಮುಚ್ಚಿದ ಮೇಲೆ ಭರತಖಂಡದಲ್ಲಿ ಬಂಗಾರದ ಗಣಿಯೆಂದರೆ ಜನರ ಬಾಯಿಗೆ ಮೊದಲು ಬರುವ ಹೆಸರು ಹಟ್ಟಿಯದೇ ಆಗಿದೆ. ಹೊಳೆಯ ಆಚೆಯ ದಂಡೆಯ ಸಂಗತಿ ಈಚೆಯ ದಂಡೆಯವರ ಕಿವಿಗೆ ಬೀಳದೆ ಇರುತ್ತದೆಯೇ?

ಹಿಂದೆ ಶೇರು ಕೊಳ್ಳುವವನು ಮುಂಬಯಿಯ ದಲಾಲನ ಬಾಗಿಲಿಗೆ ಹೋಗಬೇಕಾಗುತ್ತಿತ್ತು. ಈಗ ಕಿಸೆಯೊಳಗಿನ ಮೊಬೈಲೇ ಆ ದಲಾಲ. ನಿಂಬೆಹಣ್ಣು ಮಾರಿದ ಇಂಡಿಯ ರೈತನೂ, ತೊಗರಿಯ ಪಟ್ಟಿ ಕೈಗೆ ಬಂದ ಸಿಂದಗಿಯ ರೈತನೂ, ನಿವೃತ್ತಿಯ ಗಂಟು ಕಟ್ಟಿಕೊಂಡ ಗುಮಾಸ್ತನೂ ಕಟ್ಟೆಯ ಮೇಲೆ ಕುಳಿತೇ ಕಂಪೆನಿಯ ಪಾಲು ಕೊಳ್ಳಬಲ್ಲರು. ನನ್ನ ಕೈಯಲ್ಲಿ ಕಲಿತುಹೋದ ಹುಡುಗರಲ್ಲಿ ಕೆಲವರು ಭೆಟ್ಟಿಯಾದಾಗ ಕೇಳುವುದುಂಟು: "ಗುರುಗಳ, ಹಟ್ಟಿಯೊಳಗ ಇಷ್ಟು ವರ್ಷದಿಂದ ಬಂಗಾರ ಬರಾಕತ್ತೈತಿ. ಬಂಗಾರದ ರೇಟೂ ಏರಾಕತ್ತೈತಿ. ಅಂದಮ್ಯಾಲ ಬಂಗಾರದ ಸಣ್ಣ ಕಂಪನಿ ಶೇರು ತಗೊಂಡ್ರ ಲುಕ್ಸಾನ ಹೆಂಗ ಆಗತೈತ್ರಿ?" ಪ್ರಶ್ನೆ ಸರಳವಾಗಿದೆ, ಅದರ ಉತ್ತರ ಮಾತ್ರ ಇನ್ನೂರು ವರ್ಷಗಳ ಇತಿಹಾಸದಲ್ಲಿ ಹರಡಿಕೊಂಡಿದೆ. ಹಟ್ಟಿಯ ಕಂಪೆನಿ ರಾಜ್ಯ ಸರಕಾರದ ಒಡೆತನದ್ದು. ಪೇಟೆಯಲ್ಲಿ ಸಣ್ಣ ಹಿಡುವಳಿದಾರನ ಕೈಗೆ ಸಿಗುವ ಶೇರು ಬೇರೆ ಸಣ್ಣ ಕಂಪೆನಿಗಳದು. ಇಷ್ಟನ್ನು ಮೊದಲು ಬೇರ್ಪಡಿಸಿಕೊಂಡು ಮುಂದಿನ ಮಾತಿಗೆ ಹೋಗಬೇಕು.

ಒಡವೆಯ ಬಂಗಾರವನ್ನು ಪತ್ತಾರರು ಒರೆಗಲ್ಲಿಗೆ ಉಜ್ಜಿ ಪರೀಕ್ಷಿಸುತ್ತಾರೆ. ಗಣಿಯ ಶೇರಿಗೆ ಒಂದೇ ಒರೆಗಲ್ಲು ಸಾಲದು, ನಾಲ್ಕು ಬೇಕು. ಕಲ್ಲಿನಲ್ಲಿ ಬಂಗಾರವೆಷ್ಟು, ಅದನ್ನು ತೆಗೆಯುವ ಖರ್ಚೆಷ್ಟು ಎಂಬುದು ಒಂದು. ಆ ಅಳತೆಯನ್ನು ಹೇಳಿದವರು ಯಾರು ಎಂಬುದು ಎರಡು. ಕಂಪೆನಿಯ ಪಾಲುಗಳು ಯಾರ ಕೈಯಲ್ಲಿ ಎಷ್ಟಿವೆ, ನಾವು ಕೊಟ್ಟ ಹಣ ಎಲ್ಲಿಗೆ ಹೋಗುತ್ತದೆ ಎಂಬುದು ಮೂರು. ನೆಲವನ್ನು ಅಗೆಯುವ ಹಕ್ಕು ನಿಜವಾಗಿಯೂ ಕಂಪೆನಿಗೆ ಉಂಟೋ ಇಲ್ಲವೋ ಎಂಬುದು ನಾಲ್ಕು. ಈ ನಾಲ್ಕನ್ನು ಯಾರೋ ಪಂಡಿತರು ಕುಳಿತು ಮಾಡಿದ ಸೂತ್ರಗಳೆಂದು ತಿಳಿಯಬಾರದು. ಒಂದೊಂದರ ಹಿಂದೆಯೂ ಕೈಸುಟ್ಟುಕೊಂಡ ಸಾವಿರಾರು ಜನರಿದ್ದಾರೆ.

ಮೊದಲನೆಯ ಒರೆಗಲ್ಲನ್ನು ನಮಗೆ ಕೊಟ್ಟವನು ಜಲಗಾರ. ಈ ಶಬ್ದದ ಒಂದು ಹಳೆಯ ಅರ್ಥ, ಹಳ್ಳದ ಉಸುಕನ್ನು ನೀರಿನಲ್ಲಿ ತೊಳೆದು ಬಂಗಾರದ ಕಣಗಳನ್ನು ಹೆಕ್ಕುವವನು ಎಂದು. ಗದಗಿನ ದಕ್ಷಿಣಕ್ಕಿರುವ ಕಪ್ಪತಗುಡ್ಡದ ಆಸುಪಾಸಿನಲ್ಲಿ, ಡಂಬಳ ಸೊರಟೂರುಗಳ ಕಡೆಯ ಹಳ್ಳಗಳಲ್ಲಿ, ಮಳೆಗಾಲದ ಪ್ರವಾಹ ಇಳಿದ ಮೇಲೆ ಈ ಜನ ಮರದ ತಟ್ಟೆ ಹಿಡಿದು ಉಸುಕು ತೊಳೆಯುತ್ತಿದ್ದರು. ಭಾರತದ ಭೂಗರ್ಭ ಸಮೀಕ್ಷೆಯ ರಾಬರ್ಟ್ ಬ್ರೂಸ್ ಫೂಟ್ ಎಂಬ ವಿದ್ವಾಂಸರು ಆ ಗುಡ್ಡಗಳಲ್ಲಿ ತಿರುಗಾಡಿ, ಜಲಗಾರರ ಕೈಯಿಂದಲೇ ಉಸುಕು ತೊಳೆಯಿಸಿ ನೋಡಿ, ೧೮೭೪ರಲ್ಲಿ ತಮ್ಮ ಲೇಖನವನ್ನು ಪ್ರಕಟಿಸಿದರು. 'ಧಾರವಾಡ ಶಿಲೆಗಳು' ಎಂಬ ಹೆಸರನ್ನು ಶಾಸ್ತ್ರಕ್ಕೆ ಕೊಟ್ಟವರೂ ಅವರೇ. ಜಲಗಾರನ ಲೆಕ್ಕ ಬಹಳ ಸ್ಪಷ್ಟವಾದದ್ದು. ಇಡಿಯ ದಿನ ತೊಳೆದರೆ ಸಿಗುವ ಬಂಗಾರದ ಬೆಲೆ ಹೊಲದ ಕೂಲಿಗಿಂತ ಹೆಚ್ಚಾದರೆ ಅವನು ಹಳ್ಳಕ್ಕೆ ಇಳಿಯುತ್ತಾನೆ. ಕಡಿಮೆಯಾದರೆ ಹೊಲಕ್ಕೆ ಹೋಗುತ್ತಾನೆ. ಹಳ್ಳದಲ್ಲಿ ಬಂಗಾರವುಂಟು ಎಂಬ ಒಂದೇ ಮಾತಿಗೆ ಅವನು ಮರುಳಾಗುತ್ತಿರಲಿಲ್ಲ. ಎಷ್ಟು ಉಸುಕಿಗೆ ಎಷ್ಟು ಬಂಗಾರ, ಎಷ್ಟು ದುಡಿಮೆಗೆ ಎಷ್ಟು ಫಲ ಎಂಬುದೇ ಅವನ ಪ್ರಶ್ನೆ.

ಹಟ್ಟಿಯಲ್ಲಿ ಪ್ರಾಚೀನರು ಮಾಡಿದ ಕೆಲಸವನ್ನು ನೋಡಿದರೆ ಈ ಮಾತು ಇನ್ನೂ ಚೆನ್ನಾಗಿ ಮನವರಿಕೆಯಾಗುತ್ತದೆ. ಆಧುನಿಕರು ಅಲ್ಲಿ ಗಣಿ ತೆರೆದಾಗ ಹಳಬರು ತೋಡಿದ ಕುಳಿಗಳು ಆರು ನೂರು ಅಡಿಗೂ ಮಿಕ್ಕಿ ಆಳಕ್ಕೆ ಇಳಿದಿದ್ದುದು ಕಂಡುಬಂತು. ಒಳಗೆ ಸಿಕ್ಕ ಮರದ ತುಂಡುಗಳನ್ನು ಈಚೆಗೆ ಇಂಗಾಲದ ಪರೀಕ್ಷೆಗೆ ಒಳಪಡಿಸಿದಾಗ ಅವು ಸುಮಾರು ಎರಡು ಸಾವಿರ ವರ್ಷ ಹಳೆಯವೆಂದು ತಿಳಿಯಿತು. ಮದ್ದಿಲ್ಲ, ಯಂತ್ರವಿಲ್ಲ, ಬಂಡೆಯ ಮೇಲೆ ಕಟ್ಟಿಗೆ ಒಟ್ಟಿ ಬೆಂಕಿಯಿಕ್ಕಿ, ಕಾದ ಬಂಡೆಗೆ ನೀರು ಸುರಿದು ಸೀಳಿಸಿ, ಆ ಆಳಕ್ಕೆ ಇಳಿದ ಜನ ಅವರು. ಅಲ್ಲಿಂದ ಹೆಚ್ಚು ದೂರವಿಲ್ಲದ ಮಸ್ಕಿಯಲ್ಲಿ ೧೯೧೫ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರರು ಬಂಗಾರವನ್ನು ಅರಸುತ್ತ ಹೋಗಿ ಬಂಡೆಯ ಮೇಲಿನ ಶಾಸನವೊಂದನ್ನು ಕಂಡರು. ಅಶೋಕನ ಹೆಸರು ಸ್ಪಷ್ಟವಾಗಿ ಬರುವ ಪ್ರಸಿದ್ಧ ಶಾಸನ ಅದು. ಬ್ರಹ್ಮಗಿರಿಯ ಶಾಸನದಲ್ಲಿ ಮೌರ್ಯರ ದಕ್ಷಿಣದ ಅಧಿಕಾರಕೇಂದ್ರಕ್ಕೆ 'ಸುವರ್ಣಗಿರಿ' ಎಂಬ ಹೆಸರಿದೆ. ಹೆಸರೇ ಬಂಗಾರದ್ದು! ಅಷ್ಟು ಹಳೆಯ, ಅಷ್ಟು ಆಳದ ಆ ಕುಳಿಗಳನ್ನು ಹಳಬರು ಕೊನೆಗೆ ಬಿಟ್ಟುಹೋದರು. ಅಡಿಯಲ್ಲಿ ಬಂಗಾರ ತೀರಿತ್ತೆಂದು ಅಲ್ಲ. ತೀರಿದ್ದರೆ ಇಂದಿಗೂ ಅಲ್ಲಿ ಗಣಿ ನಡೆಯುತ್ತಿರಲಿಲ್ಲ. ಆಳ ಹೆಚ್ಚಿದಂತೆ ನೀರನ್ನು ಎತ್ತುವ, ಗಾಳಿಯನ್ನು ಇಳಿಸುವ, ಕಲ್ಲನ್ನು ಹೊರುವ ಶ್ರಮವೂ ಹೆಚ್ಚುತ್ತದೆ. ಅವರ ಸಾಧನಗಳಿಗೆ ಅದು ನಿಲುಕದ ಮಾತಾಗುತ್ತದೆ. ನೆಲದಲ್ಲಿ ಬಂಗಾರವಿರುವುದು ಒಂದು, ಅದು ಲಾಭವಾಗಿ ಮೇಲೆ ಬರುವುದು ಇನ್ನೊಂದು.

ಇದನ್ನು ಇಂದಿನ ತೂಕದಲ್ಲಿ ಹೇಳುವುದಾದರೆ ಹೀಗೆ: ಕೋಲಾರದಲ್ಲಿ ಮೊದಲ ಕಾಲಕ್ಕೆ ಒಂದು ಟನ್ ಕಲ್ಲಿಗೆ ೪೦ ಗ್ರಾಮಿಗೂ ಮಿಕ್ಕಿ, ಎಂದರೆ ಮೂರೂವರೆ ತೊಲದ ಸುಮಾರು ಬಂಗಾರ ಸಿಗುತ್ತಿತ್ತು. ಕೊನೆಯ ಕಾಲಕ್ಕೆ ಅದು ೩ ಗ್ರಾಮಿನ ಆಸುಪಾಸಿಗೆ, ಎಂದರೆ ಕಾಲು ತೊಲಕ್ಕೆ ಇಳಿದಿತ್ತು. ಒಂದು ಟನ್ ಕಲ್ಲೆಂದರೆ ಹತ್ತು ಕ್ವಿಂಟಲು. ನೂರು ಕಿಲೋದ ಹತ್ತು ಜೋಳದ ಚೀಲಗಳನ್ನು ಕಣ್ಣಮುಂದೆ ತಂದುಕೊಂಡು, ಅಷ್ಟು ತೂಕದ ಕಲ್ಲನ್ನು ಎರಡು ಮೈಲಿನ ಆಳದಿಂದ ಎತ್ತಿ, ಹಿಟ್ಟಿನಂತೆ ಅರೆದು, ರಾಸಾಯನಿಕದಲ್ಲಿ ತೊಳೆದರೆ ಸಿಗುವುದು ಕಾಲು ತೊಲ ಎಂಬುದನ್ನು ಯೋಚಿಸಿದರೆ, ಗಣಿ ಏಕೆ ಮುಚ್ಚಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಎರಡನೆಯ ಒರೆಗಲ್ಲಿನ ಕಥೆ ಲಂಡನ್ನಿನ ಪೇಟೆಯದು. ೧೮೦೨ರಲ್ಲಿ ಜಾನ್ ವಾರನ್ ಎಂಬ ಸೈನ್ಯದ ಅಧಿಕಾರಿ ಮೈಸೂರಿನ ಪೂರ್ವದ ಗಡಿಯನ್ನು ಅಳೆಯುತ್ತಿರುವಾಗ ಕೋಲಾರದ ಕಡೆ ಹಳ್ಳಿಯವರು ಮಣ್ಣು ತೊಳೆದು ಬಂಗಾರ ತೆಗೆಯುವುದನ್ನು ಕಂಡು ಬರೆದಿಟ್ಟಿದ್ದನು. ಎಪ್ಪತ್ತು ವರ್ಷಗಳ ತರುವಾಯ ಬೆಂಗಳೂರಿನಲ್ಲಿ ನೆಲಸಿದ್ದ ಲವೆಲ್ ಎಂಬ ಐರಿಶ್ ನಿವೃತ್ತ ಸೈನಿಕನು ಮೈಸೂರು ಸರಕಾರಕ್ಕೆ ಅರ್ಜಿ ಹಾಕಿ ೧೮೭೫ರಲ್ಲಿ ಅಗೆಯುವ ಪರವಾನಿಗೆಯನ್ನು ಪಡೆದನು. ಕೈಯಲ್ಲಿ ಬಂಡವಾಳ ಸಾಲದೆ ಹೋದುದರಿಂದ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟನು. ೧೮೮೦ರಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪೆನಿ ಲಂಡನ್ನಿನಲ್ಲಿ ಹುಟ್ಟಿತು. ಅದರ ನಿರ್ವಹಣೆ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆಗೆ ಬಂತು.

ಅದೇ ಕಾಲಕ್ಕೆ ಲಂಡನ್ನಿನ ಪೇಟೆಯಲ್ಲಿ ಭಾರತದ ಬಂಗಾರದ ಹುಚ್ಚು ಏರಿತ್ತು. ಆದರೆ ಆ ಹುಚ್ಚಿಗೆ ಕಾರಣವಾದ ಊರು ಕೋಲಾರವಲ್ಲ. ನೀಲಗಿರಿಯ ಮಗ್ಗುಲಿನ ವಯನಾಡು. ಬ್ರೌ ಸ್ಮಿತ್ ಎಂಬ ತಜ್ಞರು ಆಸ್ಟ್ರೇಲಿಯದಿಂದ ಬಂದು ಅಲ್ಲಿಯ ಬೆಣಚುಕಲ್ಲಿನ ಪಟ್ಟಿಗಳನ್ನು ಪರೀಕ್ಷಿಸಿ ಆಶಾದಾಯಕವಾದ ವರದಿಯನ್ನು ಒಪ್ಪಿಸಿದ್ದರು. ಅಷ್ಟೇ ಸಾಕಾಯಿತು. ಎರಡೇ ವರ್ಷಗಳಲ್ಲಿ ನಲವತ್ತರ ಸುಮಾರು ಕಂಪೆನಿಗಳು ತಲೆಯೆತ್ತಿದವು. ಅವುಗಳ ಒಟ್ಟು ಬಂಡವಾಳ ಕಾಗದದ ಮೇಲೆ ೫೦ ಲಕ್ಷ ಪೌಂಡಿನಷ್ಟಾಯಿತು. ಫಸಲು ಕೊಡದೆ ಹೋದ ಕಾಫಿಯ ತೋಟಗಳು ಬಂಗಾರದ ಎಸ್ಟೇಟುಗಳೆಂಬ ಹೆಸರಿನಿಂದ ಭಾರಿ ಬೆಲೆಗೆ ಮಾರಿಹೋದವು. ಪಂದಲೂರು, ದೇವಾಲಗಳ ಕಾಡಿನಲ್ಲಿ ಬಂಗಲೆಗಳೆದ್ದವು. ಕಡೆಗೆ ಯಂತ್ರ ಹೂಡಿ ಕಲ್ಲು ಅರೆದಾಗ ಬಂದ ಬಂಗಾರ ಅಂದಾಜಿಗಿಂತ ಎಷ್ಟೋ ಕಡಿಮೆ. ಕೆಲವೇ ವರ್ಷಗಳಲ್ಲಿ ಕಂಪೆನಿಗಳು ಒಂದರ ಹಿಂದೆ ಒಂದು ನೆಲಕಚ್ಚಿದವು. ಹಣ ಕಳಕೊಂಡವರಲ್ಲಿ ಹೆಚ್ಚಿನವರು ವಯನಾಡನ್ನು ನಕಾಶೆಯಲ್ಲಿ ಕೂಡ ನೋಡಿದ್ದವರಲ್ಲ.

ಈಗ ಕೋಲಾರದ ಕಡೆಗೆ ತಿರುಗೋಣ. ಮೈಸೂರು ಕಂಪೆನಿಯ ಹಣವೂ ೧೮೮೩ರ ಹೊತ್ತಿಗೆ ಹೆಚ್ಚುಕಡಿಮೆ ಕರಗಿ ಸುಮಾರು ೧೩,೦೦೦ ಪೌಂಡು ಮಾತ್ರ ಉಳಿದಿತ್ತು. ಒಂದು ಪೌಂಡಿನ ಶೇರು ಕೆಲವೇ ಪೆನ್ನಿಗಳಿಗೆ ಇಳಿದಿತ್ತು. ಉಳಿದಷ್ಟನ್ನಾದರೂ ಹಂಚಿಕೊಂಡು ಕಂಪೆನಿಯನ್ನು ಮುಚ್ಚೋಣವೆಂದು ಪಾಲುದಾರರಲ್ಲಿ ಹಲವರು ಹಟ ಹಿಡಿದರು. ಇನ್ನೊಮ್ಮೆ ಪ್ರಯತ್ನಿಸಿ ನೋಡಲು ಜಾನ್ ಟೇಲರರು ಅವರನ್ನು ಕಷ್ಟಪಟ್ಟು ಒಪ್ಪಿಸಿದರು. ಕ್ಯಾಪ್ಟನ್ ಪ್ಲಮರ್ ಎಂಬ ಗಣಿಗಾರನು ಹಳಬರ ಕುಳಿಗಳ ಅಡಿಯನ್ನೇ ಹಿಡಿದು ಇಳಿದನು. ಚಾಂಪಿಯನ್ ಲೋಡ್ ಎಂದು ಮುಂದೆ ಪ್ರಸಿದ್ಧವಾದ ಬಂಗಾರದ ಪಟ್ಟಿ ಕೈಗೆ ಸಿಕ್ಕಿತು. ಆಮೇಲೆ ನೂರಕ್ಕೂ ಹೆಚ್ಚು ವರ್ಷ ಆ ನೆಲ ಬಂಗಾರ ಕೊಟ್ಟಿತು. ಅದರ ಒಟ್ಟು ಮೊತ್ತ ೮೦೦ ಟನ್ನಿನಷ್ಟಾಯಿತೆಂದು ಲೆಕ್ಕವಿದೆ.

ಈ ಎರಡು ಕಥೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಬೇಕು. ವಯನಾಡಿನ ಶೇರಿಗೆ ಬೆಲೆ ಮುಗಿಲು ಮುಟ್ಟಿದಾಗ ಅದರ ಅಡಿಯಲ್ಲಿ ಹೇಳಿಕೊಳ್ಳುವಂಥ ಬಂಗಾರವಿರಲಿಲ್ಲ. ಮೈಸೂರಿನ ಶೇರನ್ನು ಕೇಳುವವರಿಲ್ಲದಾಗ ಅದರ ಅಡಿಯಲ್ಲಿ ಜಗತ್ತಿನ ಅತಿಶ್ರೇಷ್ಠ ಗಣಿಗಳಲ್ಲೊಂದು ಮಲಗಿತ್ತು. ಎರಡು ಕಡೆಯಲ್ಲಿಯೂ ಪೇಟೆ ತೂಗಿದ್ದು ಮಾತನ್ನು, ಕಲ್ಲನ್ನಲ್ಲ. ಆದುದರಿಂದ ಶೇರಿನ ಬೆಲೆ ಏರಿತೆಂದು ಗಣಿ ದೊಡ್ಡದಾಗುವುದಿಲ್ಲ, ಇಳಿಯಿತೆಂದು ಸಣ್ಣದಾಗುವುದಿಲ್ಲ. ಆದರೆ ಕೋಲಾರದ ಉದಾಹರಣೆಯನ್ನೇ ಹಿಡಿದು, ಇಳಿದ ಶೇರೆಲ್ಲ ಮುಂದೆ ಚಾಂಪಿಯನ್ ಆಗುತ್ತದೆಂದು ನಂಬುವುದು ಇನ್ನೂ ದೊಡ್ಡ ಭ್ರಾಂತಿ. ನಲವತ್ತು ಮುಳುಗಿದ ಹಡಗುಗಳ ಹೆಸರು ಯಾರಿಗೂ ನೆನಪಿಲ್ಲ. ದಡ ಮುಟ್ಟಿದ ಒಂದರ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಕೋಲಾರದ ಕ್ಷೇತ್ರದಲ್ಲಿಯೇ ಹುಟ್ಟಿದ ಹಲವು ಕಂಪೆನಿಗಳ ಪೈಕಿ ಬಹುಕಾಲ ಬಾಳಿದವು ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಈ ನಾಲ್ಕು ಮಾತ್ರ. ಇವುಗಳ ಲಾಭ ಲಂಡನ್ನಿನ ಪಾಲುದಾರರಿಗೆ ಹೋಯಿತು, ರಾಜಧನ ಮೈಸೂರು ಸರಕಾರಕ್ಕೆ ಬಂತು. ಹತ್ತು ಸಾವಿರ ಅಡಿ ಆಳದ ಬೇಗೆಯಲ್ಲಿ, ಸಿಡಿಯುವ ಬಂಡೆಗಳ ನಡುವೆ ದುಡಿದು ಎದೆಗೆ ಕಲ್ಲಿನ ಧೂಳು ತುಂಬಿಕೊಂಡವರ ಲೆಕ್ಕ ಯಾವ ಶೇರಿನ ಕಾಗದದಲ್ಲಿಯೂ ಬರಲಿಲ್ಲ.

ಅಳತೆ ಹೇಳುವವನು ಪ್ರಾಮಾಣಿಕನಾಗಿದ್ದೂ ತಪ್ಪಬಹುದು. ಬೇಕೆಂದೇ ಸುಳ್ಳು ಹೇಳಿದರೆ ಆಗುವ ಅನರ್ಥಕ್ಕೆ ನಮ್ಮ ಕಾಲದಲ್ಲಿಯೇ ನಿದರ್ಶನವಿದೆ. ಕೆನಡಾದ ಬ್ರೀ-ಎಕ್ಸ್ ಎಂಬ ಸಣ್ಣ ಕಂಪೆನಿಯೊಂದು ಇಂಡೋನೇಶಿಯದ ಬುಸಾಂಗ್ ಎಂಬ ಕಾಡಿನಲ್ಲಿ ಅಪಾರ ಬಂಗಾರ ಕಂಡಿತೆಂದು ಸಾರಿತು. ಕಲ್ಲಿನ ಮಾದರಿಗಳಿಗೆ ಯಾರೋ ಹೊರಗಿನಿಂದ ಬಂಗಾರದ ಪುಡಿ ಬೆರೆಸಿದ್ದರು. ಕಂಪೆನಿಯ ಶೇರುಗಳ ಒಟ್ಟು ಬೆಲೆ ಸುಮಾರು ೬೦೦ ಕೋಟಿ ಕೆನಡಾ ಡಾಲರಿನ ವರೆಗೆ ಏರಿತು. ೧೯೯೭ರಲ್ಲಿ ಬೇರೊಂದು ಸ್ವತಂತ್ರ ಸಂಸ್ಥೆ ಹೊಸದಾಗಿ ಕೊರೆದು ನೋಡಿದಾಗ ಗಣಿಯೇ ಇಲ್ಲವೆಂಬುದು ಬಯಲಾಯಿತು. ಪಿಂಚಣಿಯ ಹಣ ಹಾಕಿದವರು ಬೀದಿಗೆ ಬಂದರು. ಅದಾದ ಮೇಲೆ ಕೆನಡಾದಲ್ಲಿ, ಗಣಿಯ ಅಳತೆಯನ್ನು ಅರ್ಹನಾದ ತಜ್ಞನೊಬ್ಬನು ತನ್ನ ಹೆಸರು ಹಾಕಿ ಒಪ್ಪಿಸಬೇಕೆಂಬ ಬಿಗಿಯಾದ ನಿಯಮ ಜಾರಿಗೆ ಬಂತು. ವಯನಾಡಿಗೂ ಬುಸಾಂಗಿಗೂ ನಡುವೆ ನೂರು ವರ್ಷಕ್ಕೂ ಹೆಚ್ಚು ಅಂತರ. ಆಸೆಗೆ ಮಾತ್ರ ವಯಸ್ಸಾಗಲಿಲ್ಲ.

ಮೂರನೆಯ ಒರೆಗಲ್ಲು ನಮ್ಮ ಹೊಳೆಯ ಆಚೆಯ ದಂಡೆಯದು. ನಿಜಾಮರ ರಾಜ್ಯದ ಖನಿಜಗಳನ್ನೆಲ್ಲ ಅರಸಿ ತೆಗೆಯುವ ಹಕ್ಕನ್ನು ಪಡೆದು ೧೮೮೬ರಲ್ಲಿ ಹೈದರಾಬಾದ್ (ಡೆಕ್ಕನ್) ಕಂಪೆನಿ ಲಂಡನ್ನಿನಲ್ಲಿ ಸ್ಥಾಪನೆಯಾಯಿತು. ರಾಯಚೂರು ದೋಆಬಿನ ಬಂಗಾರದ ನೆಲವೂ ಅದರ ಪಾಲಿಗೆ ಬಂತು. ಹತ್ತು ಪೌಂಡಿನ ಒಂದು ಲಕ್ಷ ಶೇರುಗಳು. ಒಟ್ಟು ಬಂಡವಾಳ ಹತ್ತು ಲಕ್ಷ ಪೌಂಡು. ಕೇಳುವುದಕ್ಕೆ ಎಷ್ಟು ಭವ್ಯವಾಗಿದೆ! ಆದರೆ ಆ ಒಂದು ಲಕ್ಷದಲ್ಲಿ ೮೫,೦೦೦ ಶೇರುಗಳನ್ನು ಹಕ್ಕು ಪಡೆದವರು ಪೂರ್ತಿ ಹಣ ಸಂದಾಯವಾದ ಶೇರುಗಳೆಂದು ತಮಗೆ ತಾವೇ ಬರೆದುಕೊಂಡಿದ್ದರು. ಗಣಿಯ ಕೆಲಸಕ್ಕೆ ನಿಜವಾದ ಹಣ ಬರಬೇಕಾದದ್ದು ಉಳಿದ ೧೫,೦೦೦ ಶೇರುಗಳಿಂದ ಮಾತ್ರ. ಅಷ್ಟಕ್ಕೇ ಮುಗಿಯಲಿಲ್ಲ. ನಿಜಾಮ ಸರಕಾರದ ಹಿರಿಯ ಅಧಿಕಾರಿಯಾಗಿದ್ದ ಅಬ್ದುಲ್ ಹಕ್ ಎಂಬವರು ಈ ವ್ಯವಹಾರದಲ್ಲಿ ತಾವೂ ಒಳಗಿಂದ ಪಾಲುಗಾರರಾಗಿದ್ದು, ಹತ್ತು ಪೌಂಡಿನ ಶೇರುಗಳನ್ನು ಹನ್ನೆರಡು ಪೌಂಡಿನಂತೆ ತಮ್ಮ ಸರಕಾರಕ್ಕೇ ಮಾರಿಸಿದ್ದು ಹೊರಬಿತ್ತು. ೧೮೮೮ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೊಂದು ಇದರ ವಿಚಾರಣೆ ನಡೆಸಿತು. ಒಂದು ರಾಜ್ಯದ ಖಜಾನೆಯೇ ಹೀಗೆ ಮೋಸ ಹೋಗುವುದಾದರೆ, ಕಟ್ಟೆಯ ಮೇಲೆ ಕುಳಿತು ಶೇರು ಕೊಳ್ಳುವ ಸಣ್ಣವನು ಎಷ್ಟು ಎಚ್ಚರದಿಂದಿರಬೇಕು! ಕೇಳಬೇಕಾದ ಪ್ರಶ್ನೆ ಇದು: ಶೇರಿಗಾಗಿ ನಾನು ಕೊಡುವ ರೂಪಾಯಿ ಗಣಿಯೊಳಕ್ಕೆ ಇಳಿಯುತ್ತದೆಯೋ, ಮೊದಲೇ ಅಗ್ಗಕ್ಕೆ ಪಾಲು ಹಿಡಿದು ಕುಳಿತವನ ಕಿಸೆಗೆ ಇಳಿಯುತ್ತದೆಯೋ?

ಆ ಕಂಪೆನಿಗೆ ನಿಜವಾದ ಆಸರೆಯಾದದ್ದು ತೆಲಂಗಾಣದ ಸಿಂಗರೇಣಿಯ ಕಲ್ಲಿದ್ದಲು. ಹಟ್ಟಿಯಲ್ಲಿ ಹುಟ್ಟಿದ ಬೇರೆ ಕಂಪೆನಿ ೧೯೦೩ರ ಸುಮಾರಿನಿಂದ ೧೯೨೦ರ ವರೆಗೆ ಬಂಗಾರ ತೆಗೆದು, ಮುಂದೆ ಸಾಗಲಾರದೆ ನಿಂತುಹೋಯಿತು. ಧಾರವಾಡ ಗೋಲ್ಡ್ ಮೈನ್ಸ್ ಎಂಬ ಕಂಪೆನಿಯೂ ಅದರ ಜತೆಯವೂ ಗದಗಿನ ಬಳಿ ಹೊಸೂರು, ಕಬಲಾಯತಕಟ್ಟಿಗಳ ಕಡೆ ಬಾವಿಗಳನ್ನು ತೋಡಿ, ಶತಮಾನದ ಎರಡನೆಯ ದಶಕ ಮೊದಲಾಗುವಷ್ಟರಲ್ಲಿ ಕೆಲಸ ನಿಲ್ಲಿಸಿದವು. ಜಲಗಾರರು ತಲೆಮಾರುಗಳಿಂದ ಉಪಜೀವನ ಮಾಡಿದ ನೆಲದಲ್ಲಿ ಕಂಪೆನಿಗಳು ಕೆಲವೇ ವರ್ಷ ಬಾಳಿದವು. ಹಟ್ಟಿಯ ಮಾತು ಬೇರೆಯಾಯಿತು. ೧೯೪೭ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪೆನಿ ಎಂಬ ಹೆಸರಿನಿಂದ ಅದು ಮರಳಿ ಎದ್ದಿತು. ೧೯೫೬ರಲ್ಲಿ ರಾಜ್ಯಗಳು ಹೊಸದಾಗಿ ವಿಂಗಡವಾಗಿ ರಾಯಚೂರು ಕನ್ನಡ ನಾಡಿಗೆ ಸೇರಿದಾಗ ಹಟ್ಟಿ ಚಿನ್ನದ ಗಣಿ ಕಂಪೆನಿಯೆಂದು ಹೆಸರು ಪಡೆಯಿತು. ೧೯೨೦ರಲ್ಲಿ ಬಿಟ್ಟುಹೋದವರ ಕಾಲಡಿಯಲ್ಲಿಯೂ ಇದೇ ಬಂಗಾರವೇ ಇತ್ತು. ಆದರೆ ಅದನ್ನು ಮುಟ್ಟುವ ವರೆಗೆ ಕಾಯುವ ಹಣವೂ ತಾಳ್ಮೆಯೂ ಆ ಪಾಲುದಾರರಿಗೆ ಇರಲಿಲ್ಲ. ಗಣಿ ಬದುಕಿತು, ಶೇರು ಸತ್ತಿತು. ಸಣ್ಣ ಕಂಪೆನಿಯನ್ನು ತೂಗುವವರು ಈ ಭೇದವನ್ನು ಮರೆಯಲೇಬಾರದು.

ನಾಲ್ಕನೆಯ ಒರೆಗಲ್ಲು ಕಾಯಿದೆ. ಇದಕ್ಕೆ ಉದಾಹರಣೆ ಹಾವೇರಿಯ ಬಳಿಯ ಗಣಜೂರು. ಮುಂಬಯಿಯ ಶೇರುಪೇಟೆಯಲ್ಲಿ ಹೆಸರು ನೋಂದಿಸಿರುವ ಡೆಕ್ಕನ್ ಗೋಲ್ಡ್ ಮೈನ್ಸ್ ಎಂಬ ಕಂಪೆನಿಯ ಕಡೆಯವರು ಅಲ್ಲಿ ವರ್ಷಗಟ್ಟಲೆ ಶೋಧನೆ ನಡೆಸಿ, ಕೊರೆದು, ಬಂಗಾರದ ನಿಕ್ಷೇಪವನ್ನು ಗುರುತಿಸಿ, ಗಣಿಗುತ್ತಿಗೆಗೆ ಅರ್ಜಿ ಹಾಕಿದ್ದರು. ಹುಡುಕಿದವನಿಗೆ ಗುತ್ತಿಗೆ ಎಂಬುದು ಹಿಂದಿನ ಪದ್ಧತಿ. ೨೦೧೫ರಲ್ಲಿ ಕೇಂದ್ರ ಸರಕಾರ ಖನಿಜ ಕಾಯಿದೆಯನ್ನು ತಿದ್ದಿ, ಖನಿಜದ ನೆಲವನ್ನು ಹರಾಜಿನಿಂದಲೇ ಕೊಡಬೇಕೆಂದು ವಿಧಿಸಿತು. ಮೊದಲೇ ಶೋಧನೆ ಮಾಡಿದ್ದವರ ಹಕ್ಕನ್ನು ಒಂದು ಉಪವಿಧಿಯಲ್ಲಿ ಉಳಿಸಿತ್ತು. ೨೦೨೧ರ ತಿದ್ದುಪಡಿಯಲ್ಲಿ, ಗುತ್ತಿಗೆ ಕೈಗೆ ಬಾರದೆ ಉಳಿದಿದ್ದ ಅಂಥ ಹಕ್ಕುಗಳೂ ರದ್ದಾದವು. ಗಣಜೂರಿನ ಅರ್ಜಿಯೂ ಈ ಗುಂಪಿನದೇ. ಇಲ್ಲಿ ಕಲ್ಲು ಸುಳ್ಳು ಹೇಳಲಿಲ್ಲ, ಅಳತೆಯೂ ತಪ್ಪಲಿಲ್ಲ. ಆದರೂ ದಿಲ್ಲಿಯಲ್ಲಿ ಒಂದು ಕಲಮು ಬದಲಾದುದರಿಂದ ಪಾಲುದಾರರ ಆಸೆಯ ದೊಡ್ಡದೊಂದು ಭಾಗ ತೂಗುಯ್ಯಾಲೆಗೆ ಬಿತ್ತು. ಇದೇ ಕಂಪೆನಿ ಪಾಲು ಹೊಂದಿರುವ ಇನ್ನೊಂದು ಯೋಜನೆ ಆಂಧ್ರದ ಕರ್ನೂಲು ಜಿಲ್ಲೆಯ ಜೊನ್ನಗಿರಿಯದು. ಅಲ್ಲಿ ಗುತ್ತಿಗೆ ದೊರೆತದ್ದರಿಂದ ಅದರ ದಾರಿ ಬೇರೆಯಾಯಿತು. ಒಂದೇ ಬಗೆಯ ಹಳೆಯ ಶಿಲೆ, ಒಂದೇ ಬಗೆಯ ಬಂಗಾರ. ಒಂದು ಕಡೆ ಹಕ್ಕಿನ ಕಾಗದವಿದೆ, ಇನ್ನೊಂದು ಕಡೆ ಇಲ್ಲ. ತೂಕದಲ್ಲಿ ಎಷ್ಟು ಅಂತರ ನೋಡಿರಿ! ಯಾವ ಕಂಪೆನಿಯನ್ನೂ ಕೊಳ್ಳಿರೆಂದಾಗಲಿ ಬಿಡಿರೆಂದಾಗಲಿ ಹೇಳುವುದು ಈ ಬರಹದ ಉದ್ದೇಶವಲ್ಲ. ತೂಗುವ ತಕ್ಕಡಿ ಯಾವುದೆಂದು ತೋರಿಸುವುದಷ್ಟೇ ಇದರ ಕೆಲಸ.

ಲೆಕ್ಕಕ್ಕಾಗಿ ಒಂದು ಕಲ್ಪಿತ ಕಂಪೆನಿಯನ್ನು ತೆಗೆದುಕೊಳ್ಳೋಣ. ಅದರ ನೆಲದಲ್ಲಿ ೧೦ ಲಕ್ಷ ಟನ್ ಅದಿರು, ಟನ್ನಿಗೆ ೩ ಗ್ರಾಂ ಬಂಗಾರ. ಒಟ್ಟು ೩,೦೦೦ ಕಿಲೋ. ಅರೆದು ತೊಳೆದಾಗ ನೂರಕ್ಕೆ ತೊಂಬತ್ತು 'ಕೈಗೆ ಬಂದರೆ' ೨,೭೦೦ ಕಿಲೋ. ಸಾಮಾನ್ಯ ಕೊಳ್ಳುವವನು ಇಷ್ಟಕ್ಕೇ ಲೇಖಣಿ ಕೆಳಗಿಟ್ಟು, ೨,೭೦೦ ಕಿಲೋವನ್ನು ಇಂದಿನ ಪೇಟೆಯ ಧಾರಣೆಯಿಂದ ಗುಣಿಸಿ, ಕೋಟಿಗಳ ಸಾಲನ್ನು ಕಂಡು ಹಿಗ್ಗುತ್ತಾನೆ. ಲೆಕ್ಕ ಮೊದಲಾಗುವುದು ಅಲ್ಲಿಂದ ಮುಂದೆ. ವರ್ಷಕ್ಕೆ ಒಂದು ಲಕ್ಷ ಟನ್ ಅರೆದರೆ ಮುಗಿಯಲು ಹತ್ತು ವರ್ಷ. ವರ್ಷಕ್ಕೆ ಬರುವುದು ೨೭೦ ಕಿಲೋ ಮಾತ್ರ. ಅದಕ್ಕೆ ಮುಂಚೆ ಗುತ್ತಿಗೆ, ನೆಲ, ಪರಿಸರದ ಅನುಮತಿ, ಯಂತ್ರ ಇವುಗಳಿಗೆ ಎಷ್ಟೋ ವರ್ಷ ಹೋಗುತ್ತವೆ. ನೂರು ರೂಪಾಯಿಯ ಬಂಗಾರಕ್ಕೆ ಅಗೆತ, ಅರೆತ, ವಿದ್ಯುತ್ತು, ಕೂಲಿ, ರಾಜಧನ ಎಂದು ಎಪ್ಪತ್ತು ಹೋದರೆ ಉಳಿಯುವುದು ಮೂವತ್ತು. ಸಾಲದ ಬಡ್ಡಿ ಮತ್ತು ತೆರಿಗೆ ಕಳೆದರೆ ಇನ್ನೂ ಕಡಿಮೆ. ಯಂತ್ರಕ್ಕೆ ಹಣ ಸಾಲದೆ ಕಂಪೆನಿ ಹೊಸ ಶೇರು ಹೊರಡಿಸಿ, ಒಂದು ಕೋಟಿಯಿದ್ದ ಶೇರು ಎರಡು ಕೋಟಿಯಾದರೆ, ಹಳೆಯ ಪಾಲುದಾರನ ಪಾಲು ಅವನಿಗೆ ಅರಿವಿಲ್ಲದೆಯೇ ಅರ್ಧವಾಗುತ್ತದೆ. ಬಂಗಾರದ ಬೆಲೆ ಏರಿದರೆ ಇಂಥ ಗಣಿಗೆ ಲಾಭ ಬೇಗ ಏರುವುದೂ ನಿಜ, ಬೆಲೆ ಇಳಿದರೆ ಅಷ್ಟೇ ಬೇಗ ಕರಗುವುದೂ ನಿಜ. ಮೂವತ್ತರ ಅಂಚಿನಲ್ಲಿ ನಿಂತವನಿಗೆ ನೂರು ರೂಪಾಯಿಯ ಬಂಗಾರ ಎಪ್ಪತ್ತಕ್ಕೆ ಇಳಿದರೆ ಉಳಿಯುವುದು ಸೊನ್ನೆ. ಕೈಯಲ್ಲಿ ತೊಲ ಬಂಗಾರ ಹಿಡಿದವನಿಗೆ ಅದೇ ಇಳಿತದಲ್ಲಿ ಎಪ್ಪತ್ತಾದರೂ ಉಳಿಯುತ್ತದೆ. ಬಂಗಾರವೂ ಬಂಗಾರದ ಕಂಪೆನಿಯ ಶೇರೂ ಒಂದೇ ಅಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ರುಜುವಾತು ಬೇಡ.

ನಮ್ಮ ಕಡೆಯ ರೈತನು ಪೆದ್ದನಲ್ಲ. ಸಂಕ್ರಮಣದ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರನ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಅವನು ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಯಿಸುತ್ತಾನೆ. ಹೊಲ ಕೊಳ್ಳುವಾಗ ಉತಾರ ತೆಗೆಸುತ್ತಾನೆ, ಬದುವಿನ ಪಕ್ಕದವನನ್ನು ಕೇಳುತ್ತಾನೆ, ಮಣ್ಣನ್ನು ಹಿಡಿಯಲ್ಲಿ ಹಿಡಿದು ನೋಡುತ್ತಾನೆ. ಬೆಳೆ ತೆನೆಯಲ್ಲಿರುವಾಗ ಮಾಡಿದ ಅಂದಾಜಿಗೂ ಕಣದಲ್ಲಿ ರಾಶಿಯಾದ ಕಾಳಿಗೂ ಎಷ್ಟು ಅಂತರವೆಂಬುದು ಅವನಿಗೆ ಗೊತ್ತಿರುವಷ್ಟು ಲಂಡನ್ನಿನ ಸಾವುಕಾರರಿಗೂ ಗೊತ್ತಿರಲಿಲ್ಲ. ಇಷ್ಟು ಜಾಣನಾದವನು ಮೊಬೈಲಿನಲ್ಲಿ ಯಾರೋ ಕಳಿಸಿದ ಎರಡು ಸಾಲಿನ ಸಂದೇಶವನ್ನು ನಂಬಿ ಎರಡು ವರ್ಷದ ಗಳಿಕೆಯನ್ನು ಹಾಕುವುದೇಕೆ? ಎತ್ತಿಗೆ ಹಲ್ಲಿದ್ದ ಹಾಗೆ ಕಂಪೆನಿಗೆ ವಾರ್ಷಿಕ ವರದಿಯಿದೆ. ಶೇರುಪೇಟೆಗೆ ಕಂಪೆನಿ ತಿಳಿಸಿದ ಸಂಗತಿಗಳೆಲ್ಲ ಈಗ ಯಾರೂ ಓದುವಂತೆ ತೆರೆದಿವೆ. ಹೊಲಕ್ಕೆ ಉತಾರವಿದ್ದ ಹಾಗೆ ಗಣಿಗೆ ಗುತ್ತಿಗೆಯ ಪತ್ರವಿದೆ. ಇಂಗ್ಲಿಷು ಬಾರದಿದ್ದರೆ ಬರುವ ಮಗನಿಂದಲೋ ಮಗಳಿಂದಲೋ ಓದಿಸಿಕೊಳ್ಳಬಹುದು. ಅದಿರು ಎಷ್ಟು, ಗ್ರಾಂ ಎಷ್ಟು, ಅಳೆದವರು ಯಾರು, ಗುತ್ತಿಗೆ ಕೈಗೆ ಬಂದಿದೆಯೋ ಅರ್ಜಿಯಲ್ಲಿಯೇ ಇದೆಯೋ, ಶೇರಿನ ಸಂಖ್ಯೆ ಮೂರು ವರ್ಷದಲ್ಲಿ ಎಷ್ಟು ಏರಿತು, ಸಾಲವೆಷ್ಟು, ಈ ವರೆಗೆ ಮಾರಿದ ಬಂಗಾರವೆಷ್ಟು: ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಲಿ. ಉತ್ತರ ಸಿಗದ ಪ್ರಶ್ನೆಗಳೇ ಹೆಚ್ಚಾದರೆ ಆ ಹಾಳೆಯೇ ಅವನಿಗೆ ಸಲಹೆ ಕೊಡುತ್ತದೆ.

ಇಷ್ಟೆಲ್ಲ ತೂಗಿದ ಮೇಲೂ ನೆಲದಡಿಯ ಕತ್ತಲೆ ಪೂರ್ತಿ ತಿಳಿಯಾಗುವುದಿಲ್ಲ. ೧೮೮೩ರಲ್ಲಿ ಮೈಸೂರಿನ ಶೇರನ್ನು ಪೆನ್ನಿಗಳಿಗೆ ಮಾರಿದವನು ಮೂರ್ಖನಲ್ಲ, ಇಟ್ಟುಕೊಂಡವನು ಸರ್ವಜ್ಞನೂ ಅಲ್ಲ. ಇಬ್ಬರಿಗೂ ಕಂಡದ್ದು ಅಷ್ಟೇ ಕತ್ತಲೆ. ಆದುದರಿಂದ ಹಿರಿಯ ಗಣಿಗಾರರು ಹೇಳುತ್ತ ಬಂದಿರುವ ವಿವೇಕ ಇಷ್ಟೇ: ಬಿತ್ತನೆಯ ಬೀಜವನ್ನೂ ಮಗಳ ಮದುವೆಯ ಹಣವನ್ನೂ ಗಣಿಗೆ ಇಳಿಸಬಾರದು, ಹೋದರೂ ಮನೆಯ ಒಲೆ ಆರದಷ್ಟನ್ನು ಮಾತ್ರ ಇಳಿಸಬೇಕು. ಜಲಗಾರನು ಹಳ್ಳಕ್ಕೆ ಇಳಿದದ್ದು ಹೊಲವನ್ನು ಮಾರಿ ಅಲ್ಲ; ಹೊಲದ ಕೆಲಸ ಮುಗಿದ ಮೇಲೆ, ತಟ್ಟೆಯೊಂದನ್ನು ಹಿಡಿದುಕೊಂಡು.